ಓದದೆ ಸಹಿ ಹಾಕಬೇಡಿ ಎಂದವನ ಪಜೀತಿ

ಹೈಸ್ಕೂಲು ಮಕ್ಕಳಿಗೆ ಕಾನೂನು ಕಲಿಸಬೇಕು ಎನ್ನುವವರೆಲ್ಲ, ಕಲಿತ ಮಕ್ಕಳು ಸಂಜೆ ಯಾರ ಮನೆಗೆ ಹೋಗುತ್ತಾರೆ ಎಂಬುದನ್ನು ಒಮ್ಮೆ ಯೋಚಿಸುವುದು ಒಳ್ಳೆಯದು. ನಾನು ಯೋಚಿಸಿರಲಿಲ್ಲ. ನಂಜನಗೂಡು ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು, ಶನಿವಾರ ಒಂದು ಪಿರಿಯಡ್ಡು ಕಾನೂನು ಪಾಠಕ್ಕೆ ಕೊಡಿ ಎಂದು ಹೆಡ್‌ಮೇಷ್ಟ್ರ ಬೆನ್ನುಬಿದ್ದು ಪಡೆದವನು. ಡ್ರಿಲ್ ಮೇಷ್ಟ್ರು ಈಗಲೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಅದು ಅವರ ಪಿರಿಯಡ್ಡಾಗಿತ್ತು. “ಓದದೆ ಸಹಿ ಹಾಕಬಾರದು, ಅರ್ಥವಾಗದಿದ್ದರೆ ಕೇಳಬೇಕು” ಎಂದು ನಾನು ಕೂಗಿಸುವಾಗ ಒಂಬತ್ತನೇ ತರಗತಿಯ ಕಿಟಕಿಗಳು ಅದುರುತ್ತಿದ್ದವು. ಮೊದಲ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನನ್ನ ಮಗಳು ಸಿಂಧು.

ಟಿ. ನರಸೀಪುರದ ಹತ್ತಿರ ನಮ್ಮಪ್ಪ ಬಿಟ್ಟುಹೋದ ಒಂದೂವರೆ ಎಕರೆ ಗದ್ದೆಯಿದೆ. ವಾರಸುದಾರರು ಇಬ್ಬರೇ: ನಾನು ಮತ್ತು ಕಳಲೆಗೆ ಮದುವೆಯಾಗಿ ಹೋದ ತಂಗಿ ಮಾದೇವಿ. ಅವಳ ಪಾಲಿನ ಹಕ್ಕನ್ನು ನನ್ನ ಹೆಸರಿಗೆ ಬಿಡಿಸಿಕೊಳ್ಳಲು ಪತ್ರ ಸಿದ್ಧಮಾಡಿಸಿದ್ದೆ. ಅವಳಿಗೆ ಹೇಳಿದ್ದು ಮಾತ್ರ “ಖಾತೆಗೆ ನಿಂದೊಂದು ಸೈನು ಬೇಕು” ಎಂದು. ಸುಳ್ಳು ಹೇಳಲಿಲ್ಲ, ನೋಡಿ. ಪೂರ್ತಿ ಹೇಳಲಿಲ್ಲ, ಅಷ್ಟೆ. ಇಂಥ ವ್ಯತ್ಯಾಸಗಳು ಪಾಠ ಮಾಡುವವರಿಗೆ ಬಲು ಸಲೀಸಾಗಿ ಹೊಳೆಯುತ್ತವೆ. ದಸರಾ ರಜೆ, ಅತ್ತೆ ಬರುತ್ತಾಳೆಂದು ಸಿಂಧುವೂ ಹೊರಟಳು. ಬೇಡ ಎನ್ನಲು ನಾನು ಕಾರಣ ಹುಡುಕುವಷ್ಟರಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಾಗಿತ್ತು.

ನೋಂದಣಿ ಕಚೇರಿಯ ಎದುರು ಪತ್ರ ಬರಹಗಾರರ ಪುಟ್ಟ ಅಂಗಡಿ. ಬೆಳಗ್ಗೆಯೇ ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದಿದ್ದ ಮಾದೇವಿ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದಳು. “ಎಲ್ಲಾಕ್ಬೇಕಣ್ಣ?”

“ಅತ್ತೆ, ಓದ್ಕೊಂಡ್ಯಾ?” ಎಂದಳು ಸಿಂಧು.

ನಾನು ಬೇಗ ಬೇಗ ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದೆ.

“ನಿಮ್ಮಪ್ಪ ಓದವ್ನೆ, ಅಷ್ಟು ಸಾಕು ಕಣವ್ವ” ಎಂದಳು ಮಾದೇವಿ.

“ಇನ್ನೇನ್ ನಂಬರ್ ಕರೀತಾರೆ, ಬೇಗ ಹಾಕ್ಸಿ ಸಾ” ಎಂದರು ಬರಹಗಾರರು. ಎಳನೀರು ಕುಡಿದು ಬಾ ಎಂದು ಸಿಂಧುವನ್ನು ಸಾಗಹಾಕಲು ನೋಡಿದೆ. ಅವಳು ಅಲ್ಲಾಡಲಿಲ್ಲ. ಪತ್ರ ಎಳೆದುಕೊಂಡು, ತರಗತಿಯಲ್ಲಿ ಓದುವಂತೆಯೇ ಗಟ್ಟಿಯಾಗಿ ಓದತೊಡಗಿದಳು. ನಾಲ್ಕು ದಿಕ್ಕಿನ ಗಡಿಗಳನ್ನೆಲ್ಲ ದಾಟಿ “ನನಗಿರುವ ಸಕಲ ಹಕ್ಕನ್ನೂ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ” ಎಂಬಲ್ಲಿಗೆ ಬಂದಾಗ, ಪಕ್ಕದಲ್ಲಿ ಕೂತಿದ್ದವರೂ ಮಾತು ನಿಲ್ಲಿಸಿದರು.

“ಅಂಗಂದ್ರೇನವ್ವ?” ಎಂದಳು ಮಾದೇವಿ.

“ಅಪ್ಪಂಗೆ ಚೆನ್ನಾಗ್ ಗೊತ್ತು ಅತ್ತೆ. ಅವ್ರೇ ಪಾಠ ಮಾಡಿರೋದು.”

ಸಿಂಧುವಿನ ಮುಖದಲ್ಲಿ ಕುಹಕವಿರಲಿಲ್ಲ. ಮೇಷ್ಟ್ರು ವಿವರಿಸುತ್ತಾರೆಂದು ನಂಬಿ ಕಾಯುತ್ತಿದ್ದಳು. ಅದನ್ನೇ ನನಗೆ ತಡೆಯಲಾಗಲಿಲ್ಲ. “ಇದಕ್ಕೆ ಸೈನ್ ಹಾಕುದ್ರೆ ಗದ್ದೇಲಿ ನಿಂಗೇನೂ ಇರಲ್ಲ ಮಾದೇವಿ” ಎಂದೆ.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. “ಕೇಳಿದ್ರೆ ಕೊಟ್ಬುಡ್ತಿದ್ನೋ ಏನೋ ಕಣಣ್ಣ. ನೀನು ಕೇಳ್ನೇ ಇಲ್ವಲ್ಲ.”

ಎದುರಿನ ಕಚೇರಿಯಿಂದ ನಮ್ಮ ನಂಬರು ಕರೆದರು. ಮತ್ತೊಮ್ಮೆ ಕರೆದರು. ಯಾರೂ ಏಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಸೊಸೆ ಒಂದು ಸೀಟಿನಲ್ಲಿ ಕೂತರು, ನಾನು ಜಾಗವಿದ್ದರೂ ನಿಂತೇ ಬಂದೆ.

ಗದ್ದೆ ಈಗ ಇಬ್ಬರ ಹೆಸರಿನಲ್ಲೂ ಇದೆ. ಮಾದೇವಿಯ ಅರ್ಧದ ಭತ್ತ ನನ್ನ ಅರ್ಧಕ್ಕಿಂತ ಚೆನ್ನಾಗಿ ಬಂದಿದೆ. ಹಬ್ಬಕ್ಕೆ ಕರೆದರೆ ಬರುತ್ತಾಳೆ, ಹೋಳಿಗೆಯನ್ನೂ ಕಟ್ಟಿಸಿಕೊಂಡು ಹೋಗುತ್ತಾಳೆ. ಆದರೆ ಡೇರಿಯ ಚೀಟಿಯಿದ್ದರೂ ಸಿಂಧುವಿಗೆ ಫೋನಿನಲ್ಲಿ ತೋರಿಸಿಯೇ ಸಹಿ ಹಾಕುವುದು.

ಆ ದಸರಾ ರಜೆ ಮುಗಿದು ಬಂದ ಮೊದಲ ಶನಿವಾರ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ಪಾಠವಿತ್ತು. ಉದಾಹರಣೆಗೆಂದು, ಹೆಸರು ಬಿಟ್ಟು, ನಡೆದದ್ದನ್ನೇ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾ, ಆ ಅಣ್ಣಂಗೆ ಏನ್ ಶಿಕ್ಷೆ ಕೊಟ್ರು?”

ಸಿಂಧು ತಲೆ ಬಗ್ಗಿಸಿ ಪುಸ್ತಕ ನೋಡುತ್ತಿದ್ದಳು.

“ಮಕ್ಕಳಿಗೆ ಕಾನೂನು ಪಾಠ ಮಾಡ್ಕೊಂಡಿರು ಅಂತ ಬಿಟ್ಟುಬಿಟ್ರು ಕಣಮ್ಮ” ಎಂದೆ.

“ಅಷ್ಟೇನಾ ಸಾ?” ಎಂದಳು ಅವಳು.