ಗುಂಡಿಯಲ್ಲಿ ಸಿಕ್ಕ ಮುತ್ತಾತ

ಜುಂಬೆರ್‌ನ ಗುದ್ದಲಿ ಟಣ್ ಎಂದಾಗ ಬೆಳಗಿನ ಒಂಬತ್ತು ಗಂಟೆ. ನೆಲಮಾಳಿಗೆಯ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದ ಅವನು ಬಗ್ಗಿ ಮಣ್ಣು ಕೆದಕಿದ. ಕಲ್ಲಲ್ಲ, ದವಡೆಯ ತುಂಡು. ಅದರಲ್ಲಿ ಎರಡು ಹಲ್ಲು. ಥೇಟ್ ಮನುಷ್ಯನವು.

“ಇದರ ಮನೆ ಹಾಳಾಗ!” ಎಂದ ಜುಂಬೆರ್.

ಜಾರ್ಜಿಯಾ ದೇಶದ ದಕ್ಷಿಣದ ಆ ಹಳ್ಳಿಯಲ್ಲಿ ಜನ ಕಳ್ಳಕಾಕರಿಗಿಂತ ಹೆಚ್ಚು ಹೆದರುವುದು ಹಳೆಯ ಎಲುಬಿಗೆ. ಗುಡ್ಡದ ಮೇಲೆ ಹದಿನೆಂಟು ಲಕ್ಷ ವರ್ಷದ ಆದಿಮಾನವರ ತಲೆಬುರುಡೆಗಳು ಸಿಕ್ಕಾಗಿನಿಂದ, ಯಾರ ಹಿತ್ತಿಲಲ್ಲಿ ಎಲುಬು ಕಂಡರೂ ಉತ್ಖನನದವರು ಬಂದು ಸುತ್ತ ಹಗ್ಗ ಕಟ್ಟುತ್ತಾರೆ. ಆಮೇಲೆ ಸಣ್ಣ ಕುಂಚ ಹಿಡಿದು ಮಣ್ಣು ಗುಡಿಸುತ್ತ ಕೂರುತ್ತಾರೆ. ಪಕ್ಕದ ಮನೆಯ ಬೊಂದೊನ ಕೊಟ್ಟಿಗೆಗೆ ಹಗ್ಗ ಬಿದ್ದು ಆರು ವರ್ಷವಾಯಿತು. ಅವನ ಹಸು ಈಗಲೂ ಅಡುಗೆಮನೆಯ ಜಗಲಿಯಲ್ಲಿ ಮಲಗುತ್ತದೆ.

ಜುಂಬೆರ್‌ಗೆ ಆರು ವರ್ಷ ಹೋಗಲಿ, ಆರು ದಿನವೂ ಇರಲಿಲ್ಲ. ಮರುದಿನವೇ ದ್ರಾಕ್ಷಿ ಕೊಯ್ಲು. ಸಂಜೆಯೊಳಗೆ ವೈನು ಮಾಗಿಸುವ ಹೊಸ ಮಣ್ಣಿನ ಗುಡಾಣ ಕತ್ತಿನವರೆಗೆ ನೆಲದಲ್ಲಿ ಹೂತಿರಬೇಕು. ಹಳೆಯ ಗುಡಾಣ ಹೋದ ವರ್ಷ ಬಿರುಕು ಬಿಟ್ಟು ಅಷ್ಟೂ ವೈನನ್ನು ಭೂಮಿತಾಯಿ ಕುಡಿದಿದ್ದಳು. ಬರುವ ವಸಂತಕ್ಕೆ ಮಗಳ ಮದುವೆ. ಮಗಳ ಮದುವೆಗೆ ಪರರ ಮನೆಯ ವೈನು ಬಡಿಸಿದವನು ಆ ಊರಿನಲ್ಲಿ ಮತ್ತೆ ತಲೆಯೆತ್ತಿ ತಿರುಗುವ ಹಾಗಿಲ್ಲ. ಮನೆಯ ಸುತ್ತ ಬರೀ ಬಂಡೆ. ಅಗೆಯಲು ಬರುವ ಜಾಗ ಇದೊಂದೇ. ಏನಾದರಾಗಲಿ, ಗುಡಾಣ ಇವತ್ತು ಇಳಿಯಲೇಬೇಕು ಎಂದು ಜುಂಬೆರ್ ಎಲುಬನ್ನು ಜೇಬಿಗೆ ಹಾಕಲು ಹೊರಟ.

ಅಷ್ಟರಲ್ಲಿ ಗವಾಕ್ಷಿಯಲ್ಲಿ ಬೊಂದೊನ ಮೂಗು ಕಾಣಿಸಿತು. ಮುಖ ಆಮೇಲೆ ಬಂತು.

“ಏನಯ್ಯಾ ಅದು?”

“ಏನಿಲ್ಲ ಮಾರಾಯ, ಕಲ್ಲು.”

“ಹಲ್ಲಿರೋ ಕಲ್ಲಾ? ನಮ್ಮ ಕೊಟ್ಟಿಗೇಲೂ ಮೊದ್ಲು ಇಂಥದ್ದೇ ಸಿಕ್ಕಿದ್ದು. ತಡಿ, ಗುಡ್ಡದವರಿಗೆ ಹೇಳಿ ಬರ್ತೀನಿ. ನಾನೊಬ್ನೇ ಯಾಕೆ ಅನುಭವಿಸ್ಬೇಕು?”

“ಹೋಗ್ಬೇಡ! ಇದು ಆದಿಮಾನವ ಅಲ್ಲ, ನಮ್ಮನೇವ್ರು!” ಜುಂಬೆರ್‌ನ ಬಾಯಿಗೆ ಬಂದದ್ದು ಒಂದೇ ಹೆಸರು. “ನಮ್ಮ ಮುತ್ತಾತ ಗಿಗೋ!”

ಗಿಗೋನ ಕತೆ ಊರಿಗೆಲ್ಲ ಗೊತ್ತು. ನೂರು ವರ್ಷದ ಹಿಂದೆ ನೆಂಟರನ್ನು ಕೂರಿಸಿ, ವೈನು ತರುತ್ತೇನೆಂದು ನೆಲಮಾಳಿಗೆಗೆ ಇಳಿದವನು ಮತ್ತೆ ಮೇಲೆ ಬರಲಿಲ್ಲ. ಬತುಮಿಯ ವಿಧವೆಯೊಬ್ಬಳ ಜೊತೆ ಓಡಿಹೋದ ಎಂದು ಊರು ತೀರ್ಮಾನಿಸಿತ್ತು.

ಬೊಂದೊ ಟೋಪಿ ತೆಗೆದ. “ಹಾಗಾದ್ರೆ ಅವ್ನು ಓಡಿಹೋಗಿರ್ಲಿಲ್ವಾ?”

“ಎಲ್ಲಿಗೆ ಓಡೋದು? ಇಲ್ಲೇ ಜಾರಿ ಬಿದ್ದಿದಾನೆ, ಪಾಪ,” ಎಂದ ಜುಂಬೆರ್. ಬೊಂದೊ ಹೋಗಿಬಿಟ್ಟರೆ ಸಾಕಿತ್ತು ಅವನಿಗೆ.

ಬೊಂದೊ ಹೋದ, ಊರನ್ನೇ ಕರೆದುಕೊಂಡು ಬಂದ. ಸತ್ತವನು ಸಿಕ್ಕಮೇಲೆ ಅವನ ಹೆಸರಲ್ಲಿ ಕುಡಿಯದೆ ಇರಲಾದೀತೆ? ಅಂಗಳದಲ್ಲಿ ಮೇಜು ಬಿತ್ತು. ರೊಟ್ಟಿ, ಗಿಣ್ಣು, ಹೂಜಿ ಹೂಜಿ ವೈನು ಬಂತು. ಪಾದ್ರಿ ಬಂದರು. ತೊಂಬತ್ತರ ಪೆಪೆಲಾಜ್ಜಿ ಬಂದು ದವಡೆಯನ್ನು ಅಂಗೈಯಲ್ಲಿಟ್ಟುಕೊಂಡು, “ಜುಂಬೆರ್‌ದೇ ಗದ್ದ ಕಣ್ರೋ!” ಎಂದು ಗೋಳಾಡಿದಳು.

“ಎಲುಬು ಸಿಕ್ರೆ ಎಲುಬು ಅನ್ನೋಕೆ ನಿಮ್ಗೇನಾಗಿತ್ತು?” ಎಂದು ಹೆಂಡತಿ ಮಾಕ್ವಾಲಾ ಪಿಸುಗುಟ್ಟಿದಳು.

“ಸುಮ್ನಿರೆ. ಒಂದೆರಡು ಲೋಟ ಕುಡಿದು ಎದ್ದು ಹೋಗ್ತಾರೆ.”

ಆದರೆ ಮೇಜಿನ ಯಜಮಾನಿಕೆಗೆ ಕೂತವನು ಗ್ರಾಮಿಟೋನ್. ಒಂದೊಂದು ಲೋಟಕ್ಕೂ ಅರ್ಧರ್ಧ ಗಂಟೆ ಮಾತಾಡುವ ಆಸಾಮಿ. ಅವನ ಮಾತು ಮುಗಿಯದೆ ಯಾರೂ ಏಳುವಂತಿಲ್ಲ.

“ಗಿಗೋ, ನೂರು ವರ್ಷ ನಿನ್ನ ಮೇಲೆ ಇಲ್ಲದ ಅಪವಾದ ಹೊರಿಸಿದ್ವಿ. ಕ್ಷಮ್ಸು!” ಎಂದು ಮೊದಲ ಲೋಟ. ಹತ್ತಾರು ಜನ ಕಣ್ಣೊರೆಸಿಕೊಂಡರು. ಐದನೆಯದು ಗುಡ್ಡದ ಮೇಲೆ ಸಿಕ್ಕ ಬೊಚ್ಚುಬಾಯಿಯ ಆದಿ ಮುದುಕನಿಗೆ. “ಹಲ್ಲಿಲ್ಲದೆ ಎಷ್ಟೋ ವರ್ಷ ಬದುಕಿದ್ನಂತೆ. ಯಾರೋ ಮೆತ್ತಗೆ ಮಾಡಿ ತಿನ್ನಿಸಿರ್ಬೇಕು. ಅವತ್ತೇ ನಾವು ಉಪಚಾರ ಕಲ್ತಿದ್ವಿ ಕಣ್ರಪ್ಪಾ! ಗೌಮರ್ಜೋಸ್!”

“ಗೌಮರ್ಜೋಸ್, ಜಯವಾಗಲಿ!” ಎಂದು ಊರು ಲೋಟ ಎತ್ತಿತು.

ಜುಂಬೆರ್ ಮೂರು ಸಲ ನುಣುಚಿಕೊಂಡು ಗುಂಡಿಗೆ ಇಳಿದ. ಮೂರು ಸಲವೂ, “ಪಾಪ, ದುಃಖ ತಡೆಯೋಕಾಗ್ತಿಲ್ಲ,” ಎಂದು ರಟ್ಟೆ ಹಿಡಿದು ಮೇಲೆ ತಂದರು. ಆದರೂ ಅಷ್ಟರಲ್ಲೇ ಅವನು ಗುಂಡಿಯನ್ನು ಎದೆಯುದ್ದ ಮಾಡಿದ್ದ. ಛಲಗಾರನೇ.

ಈ ಗದ್ದಲ ಗುಡ್ಡಕ್ಕೆ ಕೇಳಿಸದೆ ಇರುತ್ತದೆಯೇ? ನಾಲ್ಕು ಗಂಟೆಗೆ ಉತ್ಖನನದ ನಾತೆಲಾ ಬಂದೇಬಿಟ್ಟಳು. ಎಲುಬನ್ನು ಕೇಳಿ ಪಡೆದು, ಜುಂಬೆರ್‌ನನ್ನು ಗೇಟಿನ ಹತ್ತಿರ ಕರೆದೊಯ್ದು, ಭೂತಗನ್ನಡಿ ಹಿಡಿದಳು. ಜುಂಬೆರ್‌ಗೆ ಕಣ್ಣೆದುರು ಹಗ್ಗ ಕಾಣತೊಡಗಿತು.

“ಯಾರು ಅಂದ್ರಿ ಇವ್ರು?”

“ಮುತ್ತಾತ. ತಂದೆ ಕಡೆ.”

“ಹಂದಿ ಕಡೆ, ಜುಂಬೆರಣ್ಣ.”

“ಹಾಂ?”

“ಹಂದಿ. ಅದೂ ಮೊನ್ನೆಮೊನ್ನೇದು. ಅದರ ದವಡೆಹಲ್ಲು ನಮ್ಮದರ ಹಾಗೇ ಇರುತ್ತೆ, ಓದಿದವ್ರೂ ಮೋಸ ಹೋಗ್ತಾರೆ. ಬೆಳಿಗ್ಗೆನೇ ತಂದು ತೋರ್ಸಿದ್ರೆ ಐದು ನಿಮಿಷದ ಕೆಲ್ಸ. ಹೋಗಿ, ಗುಡಾಣ ಇಳ್ಸ್ಕೊಳ್ಳಿ.”

ಜುಂಬೆರ್‌ಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. “ತಾಯಿ, ಹಂದಿ ಅನ್ನೋದು ಮಾತ್ರ ನಮ್ಮಿಬ್ಬರಲ್ಲೇ ಇರ್ಲಿ,” ಎಂದು ಕೈಮುಗಿದ. ಇನ್ನೇನು, ದವಡೆಯನ್ನು ಪಾದ್ರಿಯ ಕೈಗಿತ್ತು ಮಣ್ಣಿಗೆ ಕಳಿಸುವುದು, ಎಲ್ಲರೂ ಸ್ಮಶಾನಕ್ಕೆ ಹೋದಾಗ ಗುಡಾಣ ಇಳಿಸುವುದು. ಹೊತ್ತು ಮುಳುಗಲು ಇನ್ನೂ ಎರಡು ಗಂಟೆಯಿತ್ತು. ಎದೆಯುಬ್ಬಿಸಿ ಹಿಂದಿರುಗಿ ದವಡೆಯನ್ನು ಪಾದ್ರಿಗೆ ಕೊಟ್ಟ.

ಅಲ್ಲಿ ಗ್ರಾಮಿಟೋನ್ ಹನ್ನೆರಡನೆಯ ಲೋಟ ಎತ್ತಿದ್ದ.

“ನೂರು ವರ್ಷ ತನ್ನ ಮನೆ ವೈನಿನ ಪಕ್ಕ ಮಲಗಿದ್ದವನನ್ನ ಸ್ಮಶಾನಕ್ಕೆ ಎಳ್ಕೊಂಡು ಹೋಗೋದು ನ್ಯಾಯವೇನ್ರಪ್ಪಾ? ಗಿಗೋ ಎಲ್ಲಿ ಬಿದ್ನೋ ಅಲ್ಲೇ ಮಲಗ್ಲಿ! ಗುಂಡೀನೂ ರೆಡಿ ಇದೆ. ನೋಡಿ, ನಮ್ಮ ಜುಂಬೆರ್ ಬೆಳಿಗ್ಗೆಯಿಂದ ಎಷ್ಟು ಅಚ್ಚುಕಟ್ಟಾಗಿ ತೋಡಿದಾನೆ!”

“ಗೌಮರ್ಜೋಸ್!”

ಜುಂಬೆರ್ ಏನಾಯಿತೆಂದು ತಿಳಿಯುವುದರೊಳಗೆ ಎಲ್ಲರೂ ನೆಲಮಾಳಿಗೆಯಲ್ಲಿದ್ದರು. ಮೇಣದಬತ್ತಿ ಹತ್ತಿತು. ಪಾದ್ರಿ ತೀರ್ಥ ಚಿಮುಕಿಸಿ, ಇನ್ನು ಈ ನೆಲಕ್ಕೆ ಯಾರೂ ಗುದ್ದಲಿ ಮುಟ್ಟಿಸಬಾರದು ಎಂದರು.

“ಅಲ್ಲ, ಅದು...” ಎಂದ ಜುಂಬೆರ್.

ಎಲ್ಲರೂ ಅವನತ್ತ ತಿರುಗಿದರು. ಪೆಪೆಲಾಜ್ಜಿಯ ಕಣ್ಣು ಅತ್ತತ್ತು ಊದಿತ್ತು. ಪಾದ್ರಿಯ ಕೈಯಲ್ಲಿ ಧೂಪ ಹೊಗೆಯಾಡುತ್ತಿತ್ತು. ಇವರೆಲ್ಲ ಬೆಳಗಿನಿಂದ ಅತ್ತದ್ದು ಹಂದಿಗೆ ಎಂದರೆ, ಮಗಳ ಮದುವೆಗೆ ವೈನಷ್ಟೇ ಅಲ್ಲ, ನೆಂಟರೂ ಇರುವುದಿಲ್ಲ.

“ಅದು... ನಿಮ್ಮ ದೊಡ್ಡತನ,” ಎಂದ.

ಮೊದಲ ಹಿಡಿ ಮಣ್ಣು ವಂಶದವನೇ ಹಾಕಬೇಕು. ಜುಂಬೆರ್ ಹಾಕಿದ. ಹಾಕಿದವನು ಗುಂಡಿಯ ಅಂಚಿನಲ್ಲೇ ಕುಸಿದು, ಅಂದು ಮೊದಲ ಬಾರಿಗೆ ನಿಜವಾಗಿ ಅತ್ತ.

“ಅಳ್ಲಿ ಬಿಡಿ,” ಎಂದ ಗ್ರಾಮಿಟೋನ್ ಕಣ್ಣೊರೆಸಿಕೊಂಡು. “ರಕ್ತಸಂಬಂಧ.”

ಬೊಂದೊ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟ. “ಮದುವೆ ವೈನಿನ ಚಿಂತೆ ಮಾಡ್ಬೇಡ ಕಣೋ. ನಮ್ಮ ಮನೇದೇ ಬಡಿಸಿದ್ರಾಯ್ತು, ಊರಿಗೆಲ್ಲ ಈಗ್ಲೇ ಹೇಳ್ಬಿಟ್ಟಿದೀನಿ.”

ಆಮೇಲೆ ಜುಂಬೆರ್‌ನನ್ನು ಸಮಾಧಾನ ಮಾಡಲು ಯಾರಿಂದಲೂ ಆಗಲಿಲ್ಲ.