ಬೋರ್ಡಿನ ಮೇಲಿನ ‘ಪೂರ್ತಿ’

ಪಾಂಡವಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಬಾಗಿಲು ತೆಗೆದು ಕೂತರೆ ಸಾಕು, ನಗು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಹದಿನಾರು ವರ್ಷದಿಂದ ಕೂತಿದ್ದೇನೆ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ, ಯಾವ ಕಡೆಯ ಬಸ್ಸು ಬಂದರೂ ಅದರಿಂದ ಒಬ್ಬರಾದರೂ ಕಂಪ್ಯೂಟರನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿಯುತ್ತಾರೆ.

ನಾನು ಕೆಲಸದಲ್ಲಿ ಗಟ್ಟಿ. ಜಂಬಕ್ಕೆ ಹೇಳುತ್ತಿಲ್ಲ, ಆದರೂ ಜಂಬ ಎಂದುಕೊಂಡರೆ ನನ್ನ ಅಭ್ಯಂತರವೇನಿಲ್ಲ. ಅಂಗಡಿಯ ಮುಂದೆ ಕೆಂಪಕ್ಷರದ ಬೋರ್ಡು ಹಾಕಿಸಿದ್ದೇನೆ: ‘ಇಲ್ಲಿ ಬ್ಯಾಕಪ್ ಪೂರ್ತಿ ಮಾಡಿಕೊಡಲಾಗುವುದು.’ ಬ್ಯಾಕಪ್ ಎಂದರೆ ಬೇರೇನಲ್ಲ, ನಾಳೆ ಕಂಪ್ಯೂಟರು ಕೆಟ್ಟರೂ ಒಳಗಿನದು ಉಳಿಯಲಿ ಎಂದು ಇನ್ನೊಂದು ಕಡೆ ಅದರ ನಕಲು ಎತ್ತಿಡುವುದು. ಬೋರ್ಡು ಬರೆಸುವಾಗ ನನ್ನ ಹೆಂಡತಿ ಕೇಳಿದ್ದಳು, “ಆ ‘ಪೂರ್ತಿ’ ಬೇಕಾ? ಬ್ಯಾಕಪ್ ಮಾಡಿಕೊಡಲಾಗುವುದು ಅಂದ್ರೆ ಸಾಕಲ್ವಾ?”

“ಪೂರ್ತಿ ಅನ್ನೋದೇ ಮುಖ್ಯ ಕಣೇ. ಮಿಕ್ಕಿದ್ದನ್ನ ಎಲ್ಲರೂ ಮಾಡ್ತಾರೆ,” ಎಂದೆ.

ಆ ಒಂದು ಪದದ ಮೇಲೆ ನನ್ನ ಮಾನ ನಿಂತಿದೆ. ಒಬ್ಬರೇ ಒಬ್ಬರು ಆ ಬೋರ್ಡನ್ನು ಒಂದು ವಾರ ಕೆಳಗಿಳಿಸಿದ್ದರು. ಈಗ ಮತ್ತೆ ಮೇಲಿದೆ. ಆ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು, ನಾನು ಗೆದ್ದ ಕಥೆಗಳನ್ನು ಹೇಳಿಕೊಂಡುಬಿಡುತ್ತೇನೆ.

ಅಟ್ಟದ ಮೇಲಿನ ಮದುವೆ

ನಮ್ಮ ಕಡೆ ಬ್ಯಾಕಪ್ ಎಂಬ ಮಾತು ಯಾರ ನಾಲಿಗೆಗೂ ಸುಲಭಕ್ಕೆ ಒಗ್ಗುವುದಿಲ್ಲ. ಅದಕ್ಕೆ ನಾನು ‘ಎತ್ತಿಡೋದು’ ಎನ್ನುತ್ತಿದ್ದೆ. ಅಚ್ಚಗನ್ನಡ, ಯಾರಿಗಾದರೂ ಅರ್ಥವಾಗುತ್ತದೆ ಎಂದು ತಿಳಿದಿದ್ದೆ.

ಪಾಲಹಳ್ಳಿಯಿಂದ ಒಬ್ಬ ಅಕ್ಕ ಫೋನು ಮಾಡಿದರು. ಮನೆಯ ಕಂಪ್ಯೂಟರು ನಿಂತು ನಿಂತು ಓಡುತ್ತಿದೆ, ಎಲ್ಲ ಅಳಿಸಿ ಹೊಸದು ಮಾಡಿಕೊಡಬೇಕಂತೆ.

“ಮಾಡವ ಬನ್ನಿ ಅಕ್ಕ. ಆದ್ರೆ ಒಳಗಿರೋದೆಲ್ಲ ಹೋಗ್ಬುಡ್ತದೆ. ಬೇಕಾದ್ದನ್ನ ಮೊದ್ಲು ಎತ್ತಿಟ್ಬುಟ್ಟು ತನ್ನಿ,” ಎಂದೆ.

ಮಾರನೆಯ ದಿನ ಸಿಪಿಯು ಡಬ್ಬ ಹೊತ್ತುಕೊಂಡು ಬಂದರು.

“ಎತ್ತಿಟ್ರಾ ಅಕ್ಕ?”

“ಊಂ ಕಣಪ್ಪ, ಪೂರ್ತಿ ಎತ್ತಿಟ್ಟಿವ್ನಿ. ಮಗಳ ಮದ್ವೆ ಫೋಟೋ ಎಲ್ಲ ಅದ್ರಲ್ಲೇ ಇರಾದು. ನಾನೂ ನಮ್ಮೆಜಮಾನ್ರೂ ಇಬ್ರೂ ಸೇರಿ ಎತ್ತಿಟ್ವಿ.”

ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದ ಫೋಟೋ ಯಾವುದಪ್ಪಾ ಎಂದು ನನಗೆ ಅನುಮಾನ ಬಂತು. ಅನುಮಾನ ಬಂದ ಮೇಲೆ ನಾನು ಅಳಿಸುವ ಕೆಲಸಕ್ಕೆ ಕೈ ಹಾಕುವವನಲ್ಲ.

“ಎಲ್ಲಿ ಎತ್ತಿಟ್ರಿ?”

“ಅಟ್ಟದ ಮ್ಯಾಲೆ.”

“ಏನನ್ನ?”

“ಟೀವಿ ತರ ಇರ್ತದಲ್ಲ, ಅದನ್ನ. ಹಳೇ ಸೀರೇಲಿ ಸುತ್ತಿ ಇಟ್ಟಿವ್ನಿ, ಇಲಿ ಕಡೀಬಾರ್ದು ಅಂತ.”

ಮಾನಿಟರು! ಮದುವೆಯೆಲ್ಲ ಈ ಡಬ್ಬದಲ್ಲೇ ಇದೆ, ಇನ್ನೊಂದು ಗಳಿಗೆಯಲ್ಲಿ ನನ್ನ ಕೈಯಿಂದಲೇ ಅಳಿಸಿಹೋಗುತ್ತಿತ್ತು ಎಂದು ಬಿಡಿಸಿ ಹೇಳಿದೆ. ಅಕ್ಕ ನಂಬಲಿಲ್ಲ.

“ಸುಮ್ಕಿರಪ್ಪ. ನಾಕು ವರ್ಸದಿಂದ ನೋಡ್ತಿವ್ನಿ, ಫೋಟೋ ಎಲ್ಲ ಅದ್ರಲ್ಲೇ ಕಾಣಾದು. ನಿನ್ನ ಈ ಡಬ್ಬದಲ್ಲಿ ಒಂದ್ ದಿನಾನಾದ್ರೂ ಮದ್ವೆಣ್ಣು ಮುಖ ಕಂಡದಾ?”

ಗುಲಗಂಜಿ ತೂಕ

ನಾಗಮಂಗಲದಲ್ಲಿ ಒಬ್ಬರು ಅಕ್ಕಸಾಲಿಗರಿದ್ದಾರೆ. ಎಲ್ಲರೂ ಆಚಾರ್ರು ಎನ್ನುತ್ತಾರೆ. ತಾತನ ಕಾಲದಿಂದ ಬಂದ ಓಲೆ, ಜುಮುಕಿ, ಡಾಬುಗಳ ನಮೂನೆಯ ಚಿತ್ರಗಳನ್ನೆಲ್ಲ ಮನೆಯ ಕಂಪ್ಯೂಟರಿಗೆ ಹಾಕಿಸಿಟ್ಟುಕೊಂಡಿದ್ದರು. ಅದರ ನಕಲನ್ನು ಅವರ ಅಳಿಯ ಒಂದು ಪೆನ್‌ಡ್ರೈವಿಗೆ ತುಂಬಿಕೊಟ್ಟಿದ್ದ. ನಾನು ಬೇರೆ ಕೆಲಸಕ್ಕೆ ಆ ಬೀದಿಗೆ ಹೋದಾಗ ಆಚಾರ್ರು ಕೂಗಿ ಕರೆದರು.

“ಇದ್ರೊಳ್ಗೆ ಏನೂ ಇಲ್ಲ ಅಂತ ನಂಗನುಮಾನ ಸ್ವಾಮಿ.”

“ತೆರೆದು ನೋಡಿದ್ರಾ?”

“ಇಲ್ಲ, ತೂಕ ಹಾಕ್ದೆ.”

ಚಿನ್ನ ತೂಗುವ ತಕ್ಕಡಿಯಲ್ಲಿ! “ತುಂಬಕ್ ಮುಂಚೆ ಎಷ್ಟಿತ್ತೋ ತುಂಬುದ್ ಮ್ಯಾಲೂ ಅಷ್ಟೇ ಐತೆ. ಒಂದ್ ಗುಲಗಂಜಿ ಏರಿಲ್ಲ. ಅಂದ್ಮೇಲೆ ನಮ್ಮಳಿಯಂದ್ರು ತುಂಬುದ್ದೇನು?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಗಿಲಲ್ಲಿ ನಿಂತಿದ್ದ ಅಳಿಯ ನನಗಿಂತ ಜೋರಾಗಿ ನಕ್ಕ. “ಆಚಾರ್ರೇ, ಇದು ಚಿನ್ನ ಅಲ್ಲ. ನಾಗಮಂಗಲದ ಒಡವೆ ಚಿತ್ರವೆಲ್ಲ ತುಂಬಿದ್ರೂ ಇದರ ತೂಕ ಏರಲ್ಲ,” ಎಂದು ಒಂದು ಪಾಠವನ್ನೇ ಮಾಡಿ, ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ತೋರಿಸಲು ಕೂತೆ. ಹೆಸರುಗಳೆಲ್ಲ ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಒತ್ತಿದೆ, ತೆರೆಯಲಿಲ್ಲ. ಎರಡನೆಯದೂ ತೆರೆಯಲಿಲ್ಲ. ಹತ್ತು ಒತ್ತಿದೆ, ಹತ್ತೂ ಇಲ್ಲ. ಅಳಿಯ ನಕಲು ಮಾಡಿದ್ದು ಬರೀ ಶಾರ್ಟ್‌ಕಟ್ಟುಗಳನ್ನು. ಚಿತ್ರಗಳು ಮನೆಯ ಕಂಪ್ಯೂಟರಿನಲ್ಲೇ ಉಳಿದಿದ್ದವು, ಪೆನ್‌ಡ್ರೈವಿಗೆ ಬಂದದ್ದು ‘ಚಿತ್ರ ಅಲ್ಲಿದೆ, ಹೋಗಿ ನೋಡು’ ಎನ್ನುವ ಗುರುತು ಮಾತ್ರ.

ಅಳಿಯನ ನಗು ನಿಂತಿತು. ನನ್ನದೂ ನಿಂತಿತು. ಆಚಾರ್ರು ತಕ್ಕಡಿಯನ್ನು ಮೆಲ್ಲಗೆ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟರು.

“ಅಳಿಯಂದ್ರು ಸುಳ್ಳೇಳ್ಬೋದು, ಕಂಪೂಟ್ರು ಸುಳ್ಳೇಳ್ಬೋದು. ತಕ್ಕಡಿ ಸುಳ್ಳೇಳಾಕಿಲ್ಲ ಸ್ವಾಮಿ.”

ಚಿತ್ರಗಳನ್ನೆಲ್ಲ ನಾನೇ ತುಂಬಿ, ಒಂದೊಂದನ್ನೂ ತೆರೆದು ತೋರಿಸಿದೆ. ಅವರು ಮತ್ತೆ ಪೆಟ್ಟಿಗೆಯ ಕಡೆ ಕೈ ಚಾಚಿದ್ದು ಕಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಶುಕ್ರವಾರದ ದೀಪ

ಗಂಜಾಂನ ಅರ್ಚಕರೊಬ್ಬರು ಸೇವೆ ಮಾಡಿಸುವ ಭಕ್ತರ ಗೋತ್ರ, ನಕ್ಷತ್ರ, ವಿಳಾಸಗಳನ್ನು ಮನೆಯ ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಅದರ ಬ್ಯಾಕಪ್ಪಿಗೆಂದು ಒಂದು ಹಾರ್ಡ್ ಡಿಸ್ಕು ಕೊಡಿಸಿ, ಮೊದಲ ಸಲ ನಾನೇ ನಕಲು ಮಾಡಿ ತೋರಿಸಿ, ವಾರಕ್ಕೊಮ್ಮೆ ಹೀಗೆ ಮಾಡಿ ಎಂದು ಬಂದಿದ್ದೆ. ಎರಡು ವರ್ಷದ ಮೇಲೆ ಅದೆಲ್ಲ ಸರಿಯಾಗಿ ನಡೆಯುತ್ತಿದೆಯೇ ನೋಡೋಣ ಎಂದು ಹೋದೆ. ಡಿಸ್ಕು ದೇವರ ಮನೆಯಲ್ಲಿತ್ತು. ಮೇಲೆ ಅರಿಶಿನ, ಕುಂಕುಮ, ಒಂದು ದಾಸವಾಳ.

“ಪ್ರತಿ ಶುಕ್ರವಾರ ತಪ್ಪಿಸಿಲ್ಲಪ್ಪ,” ಎಂದರು. “ಪೂಜೆ ಮುಗಿಸ್ಕೊಂಡು ಬಂದು ಇದನ್ನ ಚುಚ್ತೀನಿ.”

ತಂತಿ ಚುಚ್ಚುವ ತೂತಿನ ಕುಂಕುಮ ಊದಿ, ತೆರೆದು ನೋಡಿದೆ. ಎರಡು ವರ್ಷದ ಹಿಂದೆ ನಾನು ಹಾಕಿದ್ದು ಬಿಟ್ಟರೆ ಹೊಸದಾಗಿ ಒಂದಕ್ಷರ ಬಂದಿರಲಿಲ್ಲ. ಪುಣ್ಯಕ್ಕೆ ಕಂಪ್ಯೂಟರು ಗಟ್ಟಿಯಾಗಿಯೇ ಇತ್ತು.

“ಚುಚ್ಚಿದ ಮೇಲೆ ಏನು ಮಾಡ್ತೀರಿ ಸ್ವಾಮಿಗಳೇ?”

“ನೀಲಿ ದೀಪ ಹತ್ತುತ್ತಲ್ಲ?”

“ಹತ್ತುತ್ತೆ. ಆಮೇಲೆ?”

“ಕಣ್ತುಂಬ ನೋಡ್ತೀನಿ, ತೆಗೆದಿಡ್ತೀನಿ.”

ದೀಪ ಹತ್ತಿದರೆ ಸಾಲದು, ನಕಲು ಮಾಡಿ, ಮುಗಿಯಿತು ಎಂದು ಪರದೆಯ ಮೇಲೆ ಬರುವವರೆಗೆ ಕಾಯಬೇಕು ಎಂದು ಮತ್ತೆ ಮೊದಲಿಂದ ಹೇಳಿಕೊಟ್ಟೆ. ಅವರು ಕೈ ಕಟ್ಟಿಕೊಂಡು ಕೇಳಿ, ನಿಟ್ಟುಸಿರು ಬಿಟ್ಟರು.

“ಅಂದ್ರೆ ಎರಡು ವರ್ಷದಿಂದ ನಾನು ಬರೀ ದರ್ಶನ ಮಾಡ್ಕೊಂಡು ಬಂದಿದೀನಿ ಅನ್ನು. ಪೂಜೆ ಇನ್ನೂ ಶುರುವೇ ಆಗಿಲ್ಲ!”

ನಂಬರ್ ಅರವತ್ತೊಂದು

ಈಗ ಬೋರ್ಡು ಇಳಿಸಿದವರ ಕಥೆ. ಇವರು ಕೆ.ಆರ್.ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಮೇಷ್ಟ್ರು. ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು. ರಿಟೈರಾಗಿ ಎಷ್ಟೋ ವರ್ಷವಾದರೂ ನನ್ನನ್ನು ಏಳನೇ ಕ್ಲಾಸಿನಿಂದ ಇನ್ನೂ ಪಾಸು ಮಾಡಿಲ್ಲ.

ಅವರ ತಾಯಿ ಪದ ಹೇಳುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವರು. ಸೋಬಾನೆ ಪದ, ನಾಟಿ ಪದ, ತೊಟ್ಟಿಲ ಪದ ಎಲ್ಲವನ್ನೂ ಮೇಷ್ಟ್ರು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಕೊಂಡಿದ್ದರು. ಒಟ್ಟು ನೂರ ಎಂಬತ್ತನಾಲ್ಕು ಪದ. ಆ ತಾಯಿ ಈಗಿಲ್ಲ. ಪದಗಳು ಉಳಿದಿದ್ದುದು ಆ ಕಂಪ್ಯೂಟರಿನಲ್ಲಿ ಮಾತ್ರ, ಅದೂ ಒಳಗಿನಿಂದ ಕಟಕಟ ಎನ್ನತೊಡಗಿತ್ತು. ಮೇಷ್ಟ್ರು ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು.

“ಲೇ, ಇದ್ರಲ್ಲಿ ನಮ್ಮವ್ವ ಅವ್ಳೆ. ಒಂದೂ ಓಗ್ಬಾರ್ದು.”

“ಬೋರ್ಡು ನೋಡ್ಲಿಲ್ವಾ ಸಾರ್?” ಎಂದೆ.

ನಾಲ್ಕು ದಿನದಲ್ಲಿ ಎಲ್ಲವನ್ನೂ ಹೊಸ ಡಿಸ್ಕಿಗೆ ನಕಲು ಮಾಡಿ ಮುಗಿಸಿ ಅವರನ್ನು ಕರೆಸಿದೆ. “ಆಯ್ತು ಸಾರ್. ಅಲ್ಲಿ ನೂರೆಂಬತ್ನಾಕು, ಇಲ್ಲಿ ನೂರೆಂಬತ್ನಾಕು. ಹೆಸರು ಸರಿ, ಅಳತೆ ಸರಿ. ಪೂರ್ತಿ. ಹಳೇ ಡಿಸ್ಕನ್ನ ಗುಜರಿಗೆ ಹಾಕ್ಬುಡ್ಲಾ?”

“ಅದ್ರ ಮ್ಯಾಲೆ ಕೈ ಇಟ್ಟೀಯೆ! ಮೊದ್ಲು ಆಜ್ರಿ ಆಗ್ಲಿ.” ಚೀಲದಿಂದ ಉದ್ದನೆಯ ಹಾಜರಿ ಪುಸ್ತಕ ತೆಗೆದರು. ಮಕ್ಕಳ ಹೆಸರು ಇರಬೇಕಾದ ಕಡೆ ಪದಗಳ ಹೆಸರನ್ನು ನಂಬರು ಹಾಕಿ ಬರೆದುಕೊಂಡಿದ್ದರು.

“ಎಣಿಕೆ ಸರಿ ಇದೆಯಲ್ಲ ಸಾರ್, ಹಾಜರಿ ಯಾಕೆ?”

“ತಲೆ ಎಣಿಸೋನು ಕುರಿ ಕಾಯೋನು ಕಣ್ಲಾ. ಮೇಷ್ಟ್ರಾದೋನು ಎಸ್ರು ಕೂಗ್ತಾನೆ. ಎದ್ ನಿಂತ್ಕೊ.”

ನಿಂತೆ. ನಲವತ್ತು ದಾಟಿದವನು, ಸ್ವಂತ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೆ.

“ನಂಬರ್ ಒಂದು. ಸೋಬಾನೆ ಪದ.”

ಬಗ್ಗಿ ಒತ್ತಿದೆ. ಮೇಷ್ಟ್ರ ತಾಯಿ, ಆ ಅಜ್ಜಿಯ ದನಿ ನಾಲ್ಕು ಸಾಲು ಹರಿಯಿತು. ಮೇಷ್ಟ್ರು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು.

“ಬಾಯಲ್ಲಿ ಏಳ್ಲಾ.”

“ಹಾಜರ್ ಸಾರ್.”

ಹೀಗೇ ನಡೆಯಿತು. ಟೀ ತಂದವನು ಟೀ ಕೊಡುವುದನ್ನು ಬಿಟ್ಟು ನೋಡುತ್ತ ನಿಂತ. ಐವತ್ತು ದಾಟುವ ಹೊತ್ತಿಗೆ ನನ್ನ ಮೊಣಕಾಲು ಮಾತಾಡುತ್ತಿತ್ತು.

“ನಂಬರ್ ಅರವತ್ತೊಂದು. ರಾಗಿ ಬೀಸೋ ಪದ.”

ಒತ್ತಿದೆ. ದನಿಯಿಲ್ಲ. ವಾಲ್ಯೂಮು ಏರಿಸಿದೆ, ಇಲ್ಲ. ಪರದೆಯ ಮೇಲೆ ಗೀಟು ಮಾತ್ರ ಓಡುತ್ತಿತ್ತು, ಹಾಡು ಹೇಳುತ್ತಿರುವ ಹಾಗೆ.

“ಹಾಜರ್ ಸಾರ್,” ಎಂದುಬಿಟ್ಟೆ, ಬಾಯಿಗೆ ಅಭ್ಯಾಸವಾಗಿತ್ತು.

“ಯಾರ್ಲಾ ಆಜರು? ಎಸ್ರು ಐತೆ, ಆಳಿಲ್ಲ. ಬರ್ದೇ ಇರೋ ಐಕ್ಳಿಗೆ ಪಕ್ಕದೋನು ಕೂಗ್ದಂಗೆ ಕೂಗ್ತೀಯಾ?”

ಹಳೆಯ ಡಿಸ್ಕಿನಲ್ಲಿ ಆ ಜಾಗ ಸವೆದುಹೋಗಿತ್ತು. ನಕಲು ಮಾಡುವಾಗ ಓದಲು ಬಾರದ ಕಡೆ ಖಾಲಿ ತುಂಬಿಕೊಂಡು ಕೆಲಸ ಮುಂದೆ ಸಾಗಿತ್ತು. ಅದಕ್ಕೇ ಹೆಸರೂ ಸರಿ, ಅಳತೆಯೂ ಸರಿ, ಒಳಗೆ ಏನೂ ಇಲ್ಲ. ನಾನು ಎಣಿಸಿದ್ದೆ, ಕೇಳಿರಲಿಲ್ಲ. ಅಕ್ಕಸಾಲಿಗರ ತಕ್ಕಡಿ ಕಂಡು ನಕ್ಕವನು, ಅವರ ಅಳಿಯ ಮಾಡಿದ ತಪ್ಪನ್ನೇ ಮಾಡಿದ್ದೆ! ಹಳೆಯ ಡಿಸ್ಕು ಗುಜರಿಗೆ ಹೋಗಿದ್ದರೆ ಏನು ಗತಿ ಎಂದು ನೆನೆಸಿಕೊಂಡು, ಅದನ್ನು ಎತ್ತಿ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಉಳಿದವುಗಳನ್ನೂ ನೂರ ಎಂಬತ್ತನಾಲ್ಕರವರೆಗೆ ಕೂಗಿದರು. ಎಲ್ಲವೂ ಹಾಜರಿದ್ದವು. ಪುಸ್ತಕ ಮುಚ್ಚಿ, “ಆ ಬೋರ್ಡ್ ಇಳ್ಸು. ಅರವತ್ತೊಂದು ಬಂದ್ ಮ್ಯಾಲೆ ಏರ್ಸೀವಂತೆ,” ಎಂದರು. ನಾನೇ ಸ್ಟೂಲು ಹತ್ತಿ ಇಳಿಸಿದೆ. ನನ್ನ ಹೆಂಡತಿ ಬಂದು, ಬೋರ್ಡಿನಲ್ಲಿ ‘ಪೂರ್ತಿ’ ಎಂದಿರುವ ಕಡೆಯ ಧೂಳನ್ನು ಮಾತ್ರ ಸೆರಗಿನಿಂದ ಒರೆಸಿ ಒಳಗೆ ಹೋದಳು.

ಆ ಒಂದು ಪದಕ್ಕಾಗಿ ಹಳೆಯ ಡಿಸ್ಕಿನ ಸವೆದ ಜಾಗವನ್ನೇ ಮತ್ತೆ ಮತ್ತೆ ಓದಿಸಿದೆ. ಬಿಸಿಯಾದರೆ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಓದಿಸಿದೆ. ಆರನೇ ದಿನ ಸಿಕ್ಕಿತು. ದನಿ ಬರುತ್ತದೆ ಎನ್ನುವಷ್ಟು ಮಾತ್ರ ನೋಡಿ ನಿಲ್ಲಿಸಿ, ಫೋನು ಮಾಡಿದೆ. ಮೇಷ್ಟ್ರು ಮುಂದಿನ ಬಸ್ಸಿಗೇ ಬಂದು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ನನ್ನನ್ನು ಎಬ್ಬಿಸಿ ನಿಲ್ಲಿಸುವುದೂ ಅವರಿಗೆ ಮರೆತುಹೋಗಿತ್ತು.

ಒತ್ತಿದೆ. ಬೀಸುವ ಕಲ್ಲು ಗರಗರ ಎಂದಿತು. ಪದ ಎರಡು ಸಾಲು ನಡೆಯಿತು. ಆಮೇಲೆ ಕಲ್ಲು ನಿಂತಿತು, ಪದವೂ ನಿಂತಿತು. ಮತ್ತೆ ಹೋಯಿತಾ ಎಂದು ಸ್ಪೀಕರಿಗೆ ಕಿವಿ ಹಚ್ಚಿದೆ. ಅಷ್ಟರಲ್ಲಿ ಅಜ್ಜಿಯ ದನಿ, ಈ ಸಲ ಹಾಡಿನದಲ್ಲ, ಗದರುವ ದನಿ:

“ಲೇ ಮೇಷ್ಟ್ರೇ, ಒತ್ತಿದ್ದೀಯೇನ್ಲಾ ಆ ಮೊಬೈಲ್ ಗುಂಡೀನ? ಮೊನ್ನೆನೂ ಇಂಗೇಯ ಪೂರ್ತಿ ಪದ ಏಳುಸ್ಬುಟ್ಟು, ಒತ್ತೋದ್ ಮರ್ತೆ ಕಣವ್ವ ಅಂದೆ. ಊರ್ ಮಕ್ಳಿಗೆಲ್ಲ ಬುದ್ಧಿ ಏಳ್ತೀಯೆ. ನೋಡ್ಕಂಡು ಏಳು, ಒತ್ತಿದ್ದೀಯಾ?”

ಮೇಷ್ಟ್ರು ದಡಕ್ಕನೆ ಎದ್ದು ನಿಂತರು. ಹಾಜರಿ ಪುಸ್ತಕ ಕೆಳಗೆ ಬಿತ್ತು.

“ಒತ್ತಿವ್ನಿ ಕಣವ್ವ!” ಎಂದರು.

“ಒತ್ತಿವ್ನಿ ಕಣವ್ವ!” ಎಂದು ಕಂಪ್ಯೂಟರಿನೊಳಗಿಂದ ಅವರದೇ ಹಳೆಯ ದನಿಯೂ ಅಂದಿತು, ಎರಡೂ ಒಟ್ಟಿಗೆ.

“ಅಂಗಾರೆ ಸರಿ,” ಎಂದರು ಅಜ್ಜಿ. ಕಲ್ಲು ಮತ್ತೆ ತಿರುಗಿತು. ಪದ ಮುಗಿಯುವವರೆಗೂ ಮೇಷ್ಟ್ರು ಕೂರಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ. ನಾನು ಬಗ್ಗಿ ಪುಸ್ತಕ ಎತ್ತಿಕೊಂಡೆ, ಧೂಳು ಒರೆಸಿದೆ, ಪೆನ್ನು ತೆಗೆದು ಕೂತಲ್ಲಿಂದಲೇ ಕೂಗಿದೆ.

“ನಂಬರ್ ಅರವತ್ತೊಂದು?”

“ಆಜರ್ ಸಾರ್,” ಎಂದರು ಮೇಷ್ಟ್ರು.