ಹೂಕುಂಡದ ಹೆಬ್ಬಾತಮ್ಮನವರಿಗೆ, ನನ್ನ ಕಂದು ಹೆಡ್‌ಫೋನಿನ ವಿಷಯವಾಗಿ

ರಿಜೈನಾ ನಗರ, ಮೇ ತಿಂಗಳ ಮೊದಲ ಗುರುವಾರ

ಹಲ್ಲಿನ ವಿಮೆ ಕಚೇರಿಯ ಬಾಗಿಲ ಬಳಿಯ ಸಿಮೆಂಟು ಹೂಕುಂಡದಲ್ಲಿ ಬಿಡಾರ ಹೂಡಿದ್ದ ಶ್ರೀಮತಿ ಹೆಬ್ಬಾತು ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಅದೇ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಊರವರ ದವಡೆ ಹಲ್ಲಿನ ಅರ್ಜಿಗಳನ್ನು ತಿರಸ್ಕರಿಸುತ್ತ ಬಂದಿರುವ ಲಾರ್ನ್ ವಾಸಿಲೆಂಕೊ ಎಂಬ ನಾನು, ತಮಗೂ, ತಮ್ಮ ಯಜಮಾನರಿಗೂ, ಕಳೆದ ಸೋಮವಾರ ಮೊಟ್ಟೆಯೊಡೆದು ಬಂದ ಐವರು ಮಕ್ಕಳಿಗೂ ಆದರಪೂರ್ವಕವಾಗಿ ವಂದಿಸಿ, ಈ ಬಹಿರಂಗ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಆಗುತ್ತಿಲ್ಲ, ಕೂರುವ ಜಾಗ ಬಾತುಕೊಂಡಿದೆ. ಬಾತುಕೊಳ್ಳುವುದು ಎಂಬ ಮಾತು ತಮ್ಮ ಮನೆತನದಿಂದಲೇ ಹುಟ್ಟಿರಬೇಕೆಂದು ನನಗೀಗ ಖಾತ್ರಿಯಾಗಿದೆ.

ತಮಗೆ ತಿಳಿಯದ ಸಂಗತಿಯೊಂದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಊರಿನ ಹೆಡ್‌ಫೋನ್ ಗೆಳೆಯರ ಕೂಟ ಪ್ರತಿ ವಸಂತದಲ್ಲಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ ಸೇರಿ, ಚೀಲದಲ್ಲಿ ಮಡಿಚಿಟ್ಟುಕೊಂಡು ಓಡಾಡಬಹುದಾದ, ಹಿಂಬದಿ ಮುಚ್ಚಿದ ಹೆಡ್‌ಫೋನುಗಳಲ್ಲಿ ಯಾವುದು ಶ್ರೇಷ್ಠವೆಂದು ಘೋಷಿಸುತ್ತದೆ. ಹಿಂಬದಿ ಮುಚ್ಚಿದ್ದು ಅಂದರೆ ಹೊರಗಿನ ಗಲಾಟೆ ಒಳಗೆ ಬರಬಾರದು, ಒಳಗಿನ ಹಾಡು ಪಕ್ಕದವರ ಕಿವಿಗೆ ಸೋರಬಾರದು. ಹನ್ನೆರಡು ವರ್ಷಗಳಿಂದ ಅಲ್ಲಿಯ ತೀರ್ಪುಗಾರನ ಕುರ್ಚಿ ನನ್ನದು. ಪರೀಕ್ಷೆಗೆ ನಾನು ಬಳಸುವುದು ಒಂದೇ ಹಾಡು: ಮನೆಯ ನೆಲಮಾಳಿಗೆಯಲ್ಲಿ ಕೂತು ನಾನೇ ಅಕಾರ್ಡಿಯನ್‌ನಲ್ಲಿ ತಿದಿಯೆಳೆದು ಬಾರಿಸಿ ಧ್ವನಿ ಮುದ್ರಿಸಿದ ಹನ್ನೊಂದು ನಿಮಿಷದ ಪೋಲ್ಕಾ ಕುಣಿತದ ಮಟ್ಟು. ಅದರಲ್ಲಿ ಎರಡು ಕಡೆ ಬೆರಳು ತಪ್ಪಿದೆ, ಮತ್ತು ಆ ಎರಡೂ ತಪ್ಪನ್ನು ಮುಚ್ಚುಮರೆಯಿಲ್ಲದೆ ಕೇಳಿಸುವ ಹೆಡ್‌ಫೋನೇ ಪ್ರಾಮಾಣಿಕ ಹೆಡ್‌ಫೋನ್ ಎಂಬುದು ನನ್ನ ಸಿದ್ಧಾಂತ.

ದುಃಖದ ಮಾತೆಂದರೆ, ಆ ಹಾಡನ್ನು ನಾನಲ್ಲದೆ ಬೇರೊಬ್ಬರು ತಮ್ಮ ಪರಿಚಯವಾಗುವವರೆಗೆ ಪೂರ್ತಿ ಕೇಳಿರಲಿಲ್ಲ. ನಲವತ್ತನೇ ಸೆಕೆಂಡಿಗೆ ಸರಿಯಾಗಿ ನನ್ನ ಹೆಂಡತಿ ಡಾರ್ಲೀನ್, "ಚೆನ್ನಾಗಿದೆ ಕಣೋ, ಒಲೆ ಮೇಲೆ ಏನೋ ಇಟ್ಟಿದ್ದೆ" ಎಂದು ಎದ್ದು ಹೋಗುತ್ತಿದ್ದಳು. ಒಮ್ಮೆ ಕಾರಿನಲ್ಲಿ ಕೂತಾಗಲೂ ಹಾಗೆಯೇ ಅಂದಳು. ಕೂಟದ ಅಧ್ಯಕ್ಷ ಗ್ಲೆನ್ ಫ್ರೀಸನ್ ಅಂತೂ ಹೋದ ತಿಂಗಳು ಎಲ್ಲರೆದುರು ಹೇಳಿಬಿಟ್ಟ: "ನೋಡು ಲಾರ್ನ್, ನಿನ್ನನ್ನ ಬಿಟ್ಟು ಇನ್ನೊಂದು ಜೀವ, ಯಾವುದಾದ್ರೂ ಸರಿ, ಅದನ್ನ ಕೊನೇವರೆಗೆ ಕೇಳ್ತು ಅಂತ ತೋರಿಸು, ಕುರ್ಚಿ ನಿಂದೇ. ಇಲ್ಲಾಂದ್ರೆ ಮೇ ಮೊದಲನೇ ಶನಿವಾರ ಮರ್ಯಾದೆಯಾಗಿ ಎದ್ದುಬಿಡು ಮಾರಾಯ." ಮಾನ್ಯರೇ, ನನಗೆ ಅಳು ಬಂತು. ಮೀಸೆ ಸವರಿಕೊಂಡು ಮುಚ್ಚಿಕೊಂಡೆ.

ಇಂಥ ಹೊತ್ತಿನಲ್ಲಿ ನಾನು ಈ ವರ್ಷದ ಮೂರು ಹೆಡ್‌ಫೋನುಗಳನ್ನು ದಿನಕ್ಕೊಂದರಂತೆ ಹಾಕಿಕೊಂಡು ತಮ್ಮ ಹೂಕುಂಡದ ಮುಂದೆ ನಡೆದು ಬಂದೆ. ಕಪ್ಪು ಹೆಡ್‌ಫೋನ್ ಕಿವಿಗೆ ದಿಂಬಿನಷ್ಟು ಮೆತ್ತಗೆ, ಆದರೆ ಹಾಡು ಎಲ್ಲ ಕಡೆಯಿಂದ ಸೋರುತ್ತಿತ್ತು. ಕಾವಲು ನಿಂತಿದ್ದ ತಮ್ಮ ಯಜಮಾನರು ನಲವತ್ತು ಸೆಕೆಂಡು ಕೇಳಿ, ತಿರುಗಿ ನೋಡದೆ ಕೆರೆಯ ಕಡೆ ಹೊರಟುಹೋದರು. ಬೂದು ಬಣ್ಣದ್ದು ಅಷ್ಟಾಗಿ ಸೋರಲಿಲ್ಲ, ಅವರು ಬುಸುಗುಟ್ಟಿದ್ದು ನನಗೆ ಮೂರು ಹೆಜ್ಜೆ ದೂರದಲ್ಲಿ ಕೇಳಿಸಿ, ಓಡಿ ಬಚಾವಾದೆ. ಇನ್ನು ಕಂದು ಬಣ್ಣದ್ದು! ಕನ್ನಡಕದ ಕಡ್ಡಿ ತಲೆಬುರುಡೆಗೆ ನಾಟುವಷ್ಟು ಬಿಗಿ, ಆದರೆ ನಾದವೋ ಅಮೋಘ. ಹೊರಗಿನದು ಒಂದಿಷ್ಟೂ ಒಳಗೆ ಬರಲಿಲ್ಲ, ಒಳಗಿನದು ಹೊರಗೆ ಹೋಗಲಿಲ್ಲ. ಅವರಿಗೆ ನನ್ನ ಹಾಡು ಕೇಳಿಸಲಿಲ್ಲ, ನನಗೆ ಅವರ ಬುಸುಗುಡುವಿಕೆ ಕೇಳಿಸಲಿಲ್ಲ, ಮತ್ತು ಹಿಂಬದಿ ಮುಚ್ಚಿದ ಹೆಡ್‌ಫೋನ್ ಹಾಕಿದವನ ಹಿಂಬದಿ ಮಾತ್ರ ಸಂಪೂರ್ಣ ತೆರೆದೇ ಇತ್ತು.

ತಮ್ಮ ಯಜಮಾನರು ಅಲ್ಲಿಗೇ ಗಬಕ್ಕನೆ ಕಚ್ಚಿದರು, ನಾನು ಬಿದ್ದೆ, ಹೆಡ್‌ಫೋನ್ ಹಾರಿ ತಮ್ಮ ಹೂಕುಂಡದ ಅಂಚಿಗೆ ಬಿತ್ತು. ತಾವು ಕತ್ತು ಚಾಚಿ, ದುಂಡಗಿರುವ ಕಿವಿಬಟ್ಟಲನ್ನು ಜಾರಿ ಹೋದ ಮೊಟ್ಟೆಯೆಂದು ತಿಳಿದು, ಕೊಕ್ಕಿನಡಿಯಿಂದ ಉರುಳಿಸಿ ಉರುಳಿಸಿ ಗೂಡಿಗೆ ಸೇರಿಸಿಕೊಂಡು ಅದರ ಮೇಲೆ ಕೂತುಬಿಟ್ಟಿರಿ. ಬಾಗಿಲು ಕಾಯುವ ರೊಮೆಲ್ ಓಡಿ ಬಂದು ನನ್ನನ್ನು ಎತ್ತುವ ಮೊದಲೇ ಅಂದ: "ಸಾರ್, ಗೂಡಿಗೆ ಕೈ ಹಾಕೋ ಹಾಗಿಲ್ಲ, ಕಾನೂನು. ಅಮ್ಮಾವ್ರು ಎದ್ದ ಮೇಲೆ ತಗೊಳ್ಳಿ." ಯಾವಾಗ ಏಳುತ್ತಾರೆ ಅಂದರೆ, "ಮರಿ ಆದ ಮೇಲೆ" ಅಂದ.

ಮರುದಿನ ನಾನು ಕಚೇರಿಯ ಬಾಗಿಲಿಗೆ ಬರುತ್ತಿದ್ದಂತೆ ಜೇಬಿನ ಫೋನು ತಾನಾಗಿಯೇ ತಮ್ಮಡಿಯ ಹೆಡ್‌ಫೋನನ್ನು ಗುರುತು ಹಿಡಿದು, ಪೋಲ್ಕಾವನ್ನು ಮೊದಲಿಂದ ಶುರುಮಾಡಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತಾವು ತಲೆ ಓರೆ ಮಾಡಿದಿರಿ, ರೆಕ್ಕೆ ಸರಿಪಡಿಸಿಕೊಂಡಿರಿ, ನಲವತ್ತನೇ ಸೆಕೆಂಡು ದಾಟಿದರೂ ಕೂತೇ ಇದ್ದಿರಿ! ಎದ್ದು ಹೋಗಲಾರದ ಬಾಣಂತಿಯ ಕಷ್ಟವನ್ನು ಹೀಗೆ ಬಳಸಿಕೊಳ್ಳುವುದು ತಪ್ಪೆಂದು ತಿಳಿದೂ, ಮುಂದಿನ ನಾಲ್ಕು ದಿನ ಬರುವಾಗೊಮ್ಮೆ ಹೋಗುವಾಗೊಮ್ಮೆ ನಿಂತು ಕೇಳಿಸಿದೆ, ಶನಿವಾರ ಭಾನುವಾರ ರಜೆಯಿದ್ದರೂ ಬಂದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಡಾರ್ಲೀನ್‌ಗೆ ಹೇಳಬೇಡಿ.

ಸೋಮವಾರ ಮರಿಗಳಾದವು. ಮಂಗಳವಾರ ತಾವು ಸಂಸಾರ ಸಮೇತ ಕೆಳಗಿಳಿದಿರಿ. ನಾನು ಗೂಡಿನಿಂದ ನನ್ನ ವಸ್ತುವನ್ನು ತೆಗೆದುಕೊಂಡು ಕಾರಿನತ್ತ ಹೊರಟು, ಏನೋ ತೋಚಿ ಫೋನಿನಲ್ಲೇ ಜೋರಾಗಿ ಹಾಡು ಹಚ್ಚಿದೆ. ಐದೂ ಮರಿಗಳು ಗಕ್ಕನೆ ತಿರುಗಿ, ಸಾಲಾಗಿ, ನನ್ನ ಹಿಂದೆ ಬಂದವು. ಕಾರು ನಿಲ್ಲಿಸುವ ಬಯಲನ್ನು ಹನ್ನೊಂದು ನಿಮಿಷ ಸುತ್ತಿದೆವು, ಒಂದೂ ಸಾಲು ಬಿಡಲಿಲ್ಲ. ಗ್ಲೆನ್‌ಗೆ ಆಗಲೇ ಫೋನು ಮಾಡಿದರೆ, "ಮೊಟ್ಟೆಯೊಳಗೆ ಕೇಳಿದ್ದು ಲೆಕ್ಕಕ್ಕಿಲ್ಲ, ಅವಕ್ಕೆ ಎದ್ದು ಹೋಗೋಕೆ ಕಾಲೆಲ್ಲಿತ್ತು?" ಎಂದು ನಕ್ಕ. ಈಗ ಹತ್ತು ಕಾಲಿವೆ ಗ್ಲೆನ್, ಹತ್ತೂ ನನ್ನ ಹಿಂದೆಯೇ ಇವೆ ಅಂದೆ. "ಹಾಗಾದ್ರೆ ಶನಿವಾರ ಸಭೆಗೆ ಕರ್ಕೊಂಡು ಬಾ, ನೋಡೇಬಿಡೋಣ" ಅಂದ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಬರುವ ಶನಿವಾರ ಮಧ್ಯಾಹ್ನ ಎರಡಕ್ಕೆ ಮಕ್ಕಳೊಂದಿಗೆ ಗ್ರಂಥಾಲಯದ ನೆಲಮಾಳಿಗೆಗೆ ಬಂದು ಸಾಕ್ಷಿ ನುಡಿಯಬೇಕೆಂದೂ, ಮೆಟ್ಟಿಲಿಳಿಯುವಾಗ ನೆಲಹಾಸನ್ನು ಗಲೀಜು ಮಾಡಬಾರದೆಂದೂ, ಸಾಧ್ಯವಾದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕೆಂದೂ ಬೇಡಿಕೊಳ್ಳುತ್ತೇನೆ.

ಮನಸ್ಸಿನಿಂದ ತಮ್ಮ ವಿಶ್ವಾಸಿ, ಹಿಂಬದಿಯ ಮಟ್ಟಿಗೆ ಸದ್ಯ ಅಲ್ಲ,
ಲಾರ್ನ್ ವಾಸಿಲೆಂಕೊ

ತಾಜಾಕಲಂ: ವಾರಗಟ್ಟಲೆ ದಪ್ಪ ಪುಸ್ತಕಗಳಿಗೆ ಸಿಕ್ಕಿಸಿಟ್ಟರೂ ಸಡಿಲವಾಗದ ಕಂದು ಹೆಡ್‌ಫೋನ್ ತಮ್ಮ ದೇಹಭಾರದಿಂದ ನನ್ನ ತಲೆಗೆ ಹೇಳಿ ಮಾಡಿಸಿದಂತಾಗಿದೆ. ನಾದಕ್ಕೂ ಹಿತಕ್ಕೂ ಅದಕ್ಕೇ ಮೊದಲ ಸ್ಥಾನ. ಬಲಗಿವಿಯ ಗಬ್ಬು ವಾಸನೆಗೆ ಅಂಕ ಕಳೆದಿಲ್ಲ. ತಮ್ಮ ಯಜಮಾನರನ್ನು ಕರೆತರಬೇಡಿ, ನಲವತ್ತು ಸೆಕೆಂಡಿಗೆ ಏಳುವವರು ಕೂಟದಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ನಿನ್ನೆ ಡಾರ್ಲೀನ್ ಮರಿಗಳನ್ನು ನೋಡಲು ಬಂದವಳು, ಅವುಗಳ ಹಿಂದೆಯೇ ನಡೆಯುತ್ತ ಹನ್ನೊಂದು ನಿಮಿಷವೂ ಒಲೆಯನ್ನು ಮರೆತಿದ್ದಳು. "ಕೊನೇದು ಚೆನ್ನಾಗಿದೆಯಲ್ಲೋ, ಮೊದಲೇ ಅದನ್ನ ಬಾರಿಸೋಕೇನಾಗಿತ್ತು?" ಅಂದಳು. ಹಾಗಾದರೆ ಶನಿವಾರ ಸಾಕ್ಷಿ ಹೇಳುತ್ತೀಯಾ ಅಂದೆ. "ನಾನು ಮರಿ ನೋಡ್ತಿದ್ದೆ, ಏನೂ ಕೇಳಿಸಿಕೊಂಡಿಲ್ಲಪ್ಪ" ಅಂದಳು. ಆದಕಾರಣ ತಾವು ಮಾತ್ರ ತಪ್ಪಿಸಕೂಡದು.